ಗೂಟ ಕಿತ್ತ ಜಾಗ

ಇಪ್ಪತ್ತೊಂಬತ್ತು ವರ್ಷಗಳಿಂದ ಬೆಳಗಿನ ಆ ಹೊತ್ತಿಗೆ ಮಿಫ್ತಾಹ್‌ಗೆ ಕೇಳಿಸುತ್ತಿದ್ದದ್ದು ಮೂರೇ ಸದ್ದು. ಕಲ್ಲುಗಳ ಬುಡದಿಂದ ಮರಳು ಗುಡಿಸುವ ತನ್ನ ಪೊರಕೆಯದು, ಮೇಲಿನ ಹೆದ್ದಾರಿಯಲ್ಲಿ ಮತ್ರೂಹ್ ಕಡೆ ಓಡುವ ಲಾರಿಗಳದು, ಗಾಳಿ ಉತ್ತರಕ್ಕೆ ತಿರುಗಿದ್ದರೆ ಸಮುದ್ರದ್ದು. ಆ ದಿನ ನಾಲ್ಕನೆಯದೊಂದು ಕೇಳಿಸಿತು. ಒಂದು ಹೆಜ್ಜೆ ನೆಲ ಕುಟ್ಟುತ್ತಿತ್ತು, ಇನ್ನೊಂದು ಸದ್ದಿಲ್ಲದೆ ಬರುತ್ತಿತ್ತು. ತಲೆ ಎತ್ತದೆಯೇ ಅವನಿಗೆ ಅದು ಯಾರೆಂದು ಗೊತ್ತಾಯಿತು. ಗೊತ್ತಾದ ಕೂಡಲೇ ಪೊರಕೆ ಹಿಡಿದ ಕೈ ನಿಂತಿತು. ಅವನ ದೊಡ್ಡಪ್ಪನ ಮಗ ರಹೂಮಾ ಇಂಗ್ಲಿಷರ ಕಡೆಯ ಸೈನಿಕರ ಈ ಸ್ಮಶಾನದೊಳಗೆ ಒಂದು ದಿನವೂ ಕಾಲಿಟ್ಟವನಲ್ಲ. ಹೊರದೇಶದವರನ್ನು ತನ್ನ ಹಳೆಯ ಜೀಪಿನಲ್ಲಿ ಕೂರಿಸಿಕೊಂಡು ಅಲಮೀನಿನ ಎರಡನೆಯ ಮಹಾಯುದ್ಧದ ನೆಲವನ್ನೆಲ್ಲ ಸುತ್ತಿಸುತ್ತಿದ್ದ. ಯಾವ ದಿಬ್ಬದ ಹಿಂದೆ ಯಾವ ತುಕಡಿ ಅಡಗಿತ್ತು, ಯಾವ ತಗ್ಗಿನಲ್ಲಿ ಟ್ಯಾಂಕುಗಳು ಸುಟ್ಟವು ಎಂದು ಅವರವರ ಅಜ್ಜಂದಿರು ಸತ್ತ ಜಾಗವನ್ನು ಅವರಿಗೇ ತೋರಿಸುತ್ತಿದ್ದ. ಕೊನೆಗೆ ಇಲ್ಲಿಗೆ ತಂದು ಬಿಟ್ಟು, ತಾನು ಗೇಟಿನ ಹೊರಗೆ ಕಾವಲುಗಾರನ ಒಲೆಯ ಪಕ್ಕ ಚಹಾ ಕಾಯಿಸುತ್ತ ಕೂರುತ್ತಿದ್ದ. ಒಳಗೆ ಯಾಕೆ ಬರುವುದಿಲ್ಲವೆಂದು ಮಿಫ್ತಾಹ್ ಕೇಳಿರಲಿಲ್ಲ. ಕೇಳಿದರೆ ಉತ್ತರ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಭಯವಿತ್ತು.

"ಏನಣ್ಣ, ಒಳಗೇ ಬಂದ್ಬಿಟ್ಟೆ?"

"ಯಾಕೋ, ಬದುಕಿರೋರಿಗೆ ಟಿಕೆಟ್ ಇದ್ಯಾ?" ಎಂದ ರಹೂಮಾ. ಕಂದು ಉಣ್ಣೆಯ ಹೊದಿಕೆಯನ್ನು ಭುಜಕ್ಕೆ ಎಳೆದುಕೊಂಡು, ಕೋಲಿನ ಮೇಲೆ ಭಾರ ಬಿಟ್ಟು, ಮುಖವನ್ನು ತುಸು ಓರೆ ಮಾಡಿ ನೋಡಿದ. ನಾಲ್ಕು ತಿಂಗಳಿಂದ ಅವನು ಹಾಗೆಯೇ ನೋಡುತ್ತಾನೆ. ನಡುವಿನದು ಮಸುಕಾಗಿ ಅಂಚಿನದು ಮಾತ್ರ ಉಳಿದಿದೆಯಂತೆ. ಅಲೆಕ್ಸಾಂಡ್ರಿಯಾದ ಕಣ್ಣಿನ ಡಾಕ್ಟರು, ನರ ಒಣಗುತ್ತಿದೆ ಹಾಜಿ, ಹಬ್ಬದ ಹೊತ್ತಿಗೆ ಬೆಳಕು ಕತ್ತಲೆ ಎರಡು ಬಿಟ್ಟು ಬೇರೇನೂ ಕಾಣಲಿಕ್ಕಿಲ್ಲ ಎಂದಿದ್ದರು. ಆ ಮಾತು ಹೇಳಿದಾಗ ಮಿಫ್ತಾಹ್ ಪಕ್ಕದಲ್ಲೇ ಇದ್ದ. ದುಃಖವಾದದ್ದು ನಿಜ. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆ ನುಗ್ಗಿ ಬಂದಿತ್ತು. ಹಾಗಾದರೆ ಹಬ್ಬ ಕಳೆದ ಮೇಲೆ ಹೇಳಬಹುದು, ಕಣ್ಣು ಕಾಣದವನಿಗೆ ಹೇಳುವುದು ಸುಲಭ. ಈ ಯೋಚನೆ ತನ್ನದೇ ಎಂದು ಗೊತ್ತಾದಾಗ ಆಸ್ಪತ್ರೆಯ ಬೆಂಚಿನ ಮೇಲೆ ಅವನಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು.

"ನಮ್ಮ ಹುಡುಗನ್ನ ನೋಡೋಣ ಅಂತ ಬಂದೆ. ಎಲ್ಲಿ ಮಲಗ್ಸಿದೀರಿ? ಕಣ್ಣು ಇರೋವಾಗ್ಲೇ ಒಂದ್ಸಲ ನೋಡ್ಬಿಡ್ತೀನಿ. ಆಮೇಲೆ ಆ ಕಡೆ ಜರ್ಮನರದು, ಇಟಲಿಯವರದು. ಮೂರನ್ನೂ ಜನಕ್ಕೆ ತೋರ್ಸಿದ್ದೇ ಬಂತು, ನಾನು ನೋಡಿಲ್ಲ. ನಿನ್ನ ಪಿಕಪ್‌ನಲ್ಲಿ ಕರ್ಕೊಂಡು ಹೋಗು."

ನಮ್ಮ ಹುಡುಗ ಎಂದರೆ ಕಳೆದ ಚಳಿಗಾಲ ದಕ್ಷಿಣದ ತಗ್ಗಿನಲ್ಲಿ ರಹೂಮಾಗೆ ಸಿಕ್ಕ ಮೂಳೆಗಳು. ಮಳೆ ಬಿದ್ದು ಮರಳು ಜಾರಿದ ಜಾಗದಲ್ಲಿ ಒಂದು ಬೂಟಿನ ಅಟ್ಟೆ ಹೊರಗೆ ಇಣುಕಿತ್ತಂತೆ. ಬೇರೆ ಯಾರಾದರೂ ಆಗಿದ್ದರೆ ಗುಂಡಿ, ಬಕಲು, ಕತ್ತಿನ ಬಿಲ್ಲೆ ಏನಾದರೊಂದು ಜೇಬಿಗೆ ಬೀಳುತ್ತಿತ್ತು. ಪೇಟೆಯಲ್ಲಿ ಅಂಥವನ್ನು ಹುಡುಕಿಕೊಂಡು ಬರುವವರಿಗೇನು ಕಡಿಮೆಯೇ. ರಹೂಮಾ ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ತನ್ನ ಹೊದಿಕೆ ಬಿಚ್ಚಿ ಮೂಳೆಗಳ ಮೇಲೆ ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಹೇರಿ, ಚಳಿಯಲ್ಲಿ ಬರೀ ಅಂಗಿಯಲ್ಲಿ ಹೆದ್ದಾರಿಯವರೆಗೆ ಕುಂಟುತ್ತ ಬಂದು ಸುದ್ದಿ ಮುಟ್ಟಿಸಿದ. ಹೀಗೆ ಅವನು ಹುಡುಕಿಕೊಟ್ಟವರು ಹನ್ನೊಂದು ಜನ. ಇವನೂ ಮನುಷ್ಯನೇ ನಾನೂ ಮನುಷ್ಯನೇ ಎಂದು ಮಿಫ್ತಾಹ್ ಆಗಾಗ ಅಂದುಕೊಳ್ಳುವುದುಂಟು. ಅದು ಹೊಟ್ಟೆಕಿಚ್ಚಲ್ಲ. ರಹೂಮಾನನ್ನು ನೋಡಿದಾಗ ಅವನಿಗೆ ನಿಜಕ್ಕೂ ಹೆಮ್ಮೆಯಾಗುತ್ತಿತ್ತು, ತಮ್ಮ ಕುಲದಲ್ಲಿ ಇಂಥವನೊಬ್ಬ ಹುಟ್ಟಿದನಲ್ಲ ಎಂದು. ಆ ಹೆಮ್ಮೆಯೇ ಅವನನ್ನು ಹೆಚ್ಚು ಸುಡುತ್ತಿತ್ತು.

"ನೀನು ಮುಂದೆ ನಡಿ," ಎಂದ ರಹೂಮಾ. "ನಿನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ಬರ್ತೀನಿ."

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಿಫ್ತಾಹ್ ತಿರುಗಿ ಅಣ್ಣನ ಮುಖ ನೋಡಿದ. ಅಲ್ಲಿ ಏನೂ ಇರಲಿಲ್ಲ, ಬಿಸಿಲಿಗೆ ಕಿರಿದಾದ ಎರಡು ಕಣ್ಣು ಅಷ್ಟೆ. ಸಾಲುಗಳ ನಡುವೆ ಅವನು ನಿಧಾನವಾಗಿ ನಡೆದ. ಹಿಂದೆ ಆ ಹೆಜ್ಜೆ, ಕುಟ್ಟುವುದೊಂದು, ಸುಮ್ಮನಿರುವುದೊಂದು. ಏಳು ಸಾವಿರಕ್ಕೂ ಮಿಕ್ಕಿದ ಕಲ್ಲುಗಳು, ಒಂದೇ ಎತ್ತರ, ಒಂದೇ ಅಗಲ. ಕರ್ನಲ್ಲನಿಗೂ ಅಡುಗೆಯವನಿಗೂ ಒಂದೇ ಅಳತೆ. ಈ ಸಂಗತಿ ಮಿಫ್ತಾಹ್‌ಗೆ ಮೊದಲ ದಿನದಿಂದಲೂ ಬಹಳ ಇಷ್ಟ. ಪೂರ್ವದ ಮೂಲೆಯಲ್ಲಿ, ಹಿಂದೂಸ್ತಾನದಿಂದ ಬಂದು ಇಲ್ಲಿ ಚಿತೆಯೇರಿದವರ ಹೆಸರು ಕೊರೆದ ಕಲ್ಲಿದೆ. ಆ ಅಕ್ಷರಗಳು ಅವನಿಗೆ ಬಾರವು, ಆದರೂ ಒಂದೊಂದರ ಸಂದಿಯಿಂದಲೂ ಮರಳು ತೆಗೆದು ತೆಗೆದು ಅವುಗಳ ಆಕಾರ ಬೆರಳಿಗೆ ಗೊತ್ತು. ಗಾಳಿ ರಾತ್ರಿಯೆಲ್ಲ ತಂದು ಹಾಕುವುದನ್ನು ಬೆಳಿಗ್ಗೆಯೆಲ್ಲ ತೆಗೆಯುವುದು, ಇದೂ ಒಂದು ಕೆಲಸವೇ ಎಂದು ಹೆಂಡತಿ ಮಬ್ರೂಕಾ ಕೆಲಸದ ಹೊಸತರಲ್ಲಿ ನಕ್ಕಿದ್ದಳು. ಅವಳಿಗೇನು ಗೊತ್ತು. ಹಗಲೆಲ್ಲ ಕಲ್ಲಿನ ಸೇವೆ ಮಾಡಿದರೆ ಇಡದೆ ಬಿಟ್ಟ ಕಲ್ಲುಗಳ ಲೆಕ್ಕ ಎಲ್ಲೋ ತೀರಬಹುದೆಂದು ಆಸೆಪಟ್ಟೇ ಅವನು ಈ ಕೆಲಸಕ್ಕೆ ಸೇರಿದ್ದ.

ಇಡಬೇಕಾಗಿದ್ದದ್ದು ಹದಿನೆಂಟು ಕಲ್ಲುಗುಪ್ಪೆ. ಯುದ್ಧ ಮುಗಿಸಿ ಹೋದವರು ನೆಲದೊಳಗೆ ಬಾಂಬು ಬಿಟ್ಟು ಹೋಗಿದ್ದರು, ನೆಲದ ಮೇಲೆ ಕಬ್ಬಿಣ ಬಿಟ್ಟು ಹೋಗಿದ್ದರು. ಬಾಂಬು ಹೂತ ಹೊಲಗಳ ಸುತ್ತ ತಿರುಪಿನಂತೆ ಸುತ್ತಿದ ಕಬ್ಬಿಣದ ಗೂಟ, ಗೂಟದಿಂದ ಗೂಟಕ್ಕೆ ಮುಳ್ಳುತಂತಿ. ಕಬ್ಬಿಣ ಕಂಡರೆ ಬಿಡುವ ಜಾತಿ ತಮ್ಮದಲ್ಲ. ಪೆಟ್ರೋಲಿನ ಡಬ್ಬದಲ್ಲಿ ನೀರು ತಂದರು, ಶೆಲ್ಲಿನ ಕೊಳವೆಯಲ್ಲಿ ಬಾರ್ಲಿ ಕುಟ್ಟಿದರು, ಗೂಟ ಕಿತ್ತು ತಂದು ಆಡಿಗೆ ದೊಡ್ಡಿ ಕಟ್ಟಿದರು, ಅಂಜೂರದ ತೋಟಕ್ಕೆ ಬೇಲಿ ಹಾಕಿದರು. ಹೀಗೆ ಕಿತ್ತು ಕಿತ್ತು, ಗುರುತಿಲ್ಲದ ಹೊಲಕ್ಕೆ ಕಾಲಿಟ್ಟು ಜನ ಸಾಯತೊಡಗಿದ ಮೇಲೆ ಹಿರಿಯರು ಕೂತು ಒಂದು ಕಟ್ಟು ಮಾಡಿದರು. ಗೂಟ ಕಿತ್ತವನು ಆ ಗುಳಿಯ ಮೇಲೆ ಕಲ್ಲಿನ ಗುಪ್ಪೆ ಇಡಬೇಕು. ಇಡುವಾಗ ತನ್ನ ಹೆಸರು, ತಂದೆಯ ಹೆಸರು ಗಟ್ಟಿಯಾಗಿ ಹೇಳಬೇಕು. ಕೇಳಲು ಯಾರಿಲ್ಲದಿದ್ದರೂ ಹೇಳಬೇಕು. ಆಗ ಆ ಕಲ್ಲು ಒಬ್ಬ ಮನುಷ್ಯನ ಮಾತಾಗುತ್ತದೆ, ಇಲ್ಲಿಂದಾಚೆ ಬರಬೇಡಿ ಎಂದು ಇಂಥವನ ಮಗ ಇಂಥವನು ಹೇಳಿದ ಹಾಗೆ. ಮಿಫ್ತಾಹ್‌ಗೆ ಆಗ ಹತ್ತೊಂಬತ್ತು. ಮಬ್ರೂಕಾಳ ಅಪ್ಪ, ಬೇಲಿಯಿಲ್ಲದ ತೋಟದವನಿಗೆ ಹೆಣ್ಣು ಕೊಟ್ಟರೆ ಊರ ಆಡುಗಳಿಗೆ ಕೊಟ್ಟ ಹಾಗೆ ಎಂದು ಕೂಟದಲ್ಲೇ ಅಂದಿದ್ದ. ಅದೇ ಸಂಜೆ ಇವನು ಒಂಟೆಬಾವಿಯ ಹಾದಿಯ ಪಕ್ಕದ ಹೊಲದಿಂದ ಒಬ್ಬನೇ ಹದಿನೆಂಟು ಗೂಟ ಕಿತ್ತ. ಮೊದಲನೆಯದು ಎಷ್ಟು ತುಕ್ಕು ಹಿಡಿದಿತ್ತೆಂದರೆ ಅಂಗೈ ಹರಿಯಿತು. ತಂತಿಯ ಒಂದು ಸುರುಳಿ ಒಳಗೆ ಬಿದ್ದಿತ್ತು, ಅದನ್ನೂ ಬಿಡಲಿಲ್ಲ, ಹತ್ತು ಹೆಜ್ಜೆ ಹೊಲದೊಳಗೇ ನಡೆದು ಎಳೆದು ತಂದ. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಬೆಳಿಗ್ಗೆ ಬಂದು ಕಲ್ಲಿಡುವೆ ಎಂದುಕೊಂಡ. ಬೆಳಿಗ್ಗೆ ಕತ್ತೆಗೆ ಕಲ್ಲು ಹೇರಿ ಹೊರಡುವಾಗ ಮಬ್ರೂಕಾಳ ಕಡೆಯವರು ಮಾತುಕತೆಗೆಂದು ಬಂದಿಳಿದರು. ಹೆಣ್ಣು ಕೊಡುವವರ ಎದುರು ಮೂರನೆಯ ಲೋಟದ ಚಹಾ ಮುಗಿಯದೆ ಎದ್ದರೆ ಸಂಬಂಧ ಬೇಡವೆಂದೇ ಅರ್ಥ. ಮೊದಲನೆಯ ಲೋಟ ಕುಡಿದ. ಎರಡನೆಯದು ಕುಡಿದ. ಮೂರನೆಯದನ್ನು ತುಟಿಗೆ ಇಟ್ಟಾಗ ದಕ್ಷಿಣದಿಂದ ಬಾಂಬು ಸಿಡಿದ ಸದ್ದು ಬಂತು.

"ಇವನೇನಾ?" ಎಂದ ರಹೂಮಾ.

ಹೊಸ ಕಲ್ಲು, ಅಂಚು ಇನ್ನೂ ಚೂಪಾಗಿತ್ತು. ಹೆಸರಿಲ್ಲ, ಊರಿಲ್ಲ, ಕೆಳಗೆ ದೇವರನ್ನು ಕುರಿತ ಒಂದು ಸಾಲು. ರಹೂಮಾ ಕೋಲನ್ನು ಮಿಫ್ತಾಹ್‌ನ ಕೈಗೆ ಕೊಟ್ಟು, ಗಟ್ಟಿ ಕಾಲು ಮಡಿಸಿ, ಇನ್ನೊಂದನ್ನು ಮುಂದಕ್ಕೆ ಚಾಚಿ, ಕಷ್ಟಪಟ್ಟು ಕೂತು ಕಲ್ಲಿನ ಮೇಲೆ ಅಂಗೈ ಆಡಿಸಿದ. "ಏನಂತ ಬರ್ದಿದಾರೆ?"

"ಇವನು ಯಾರು ಅಂತ ದೇವರಿಗೆ ಗೊತ್ತು ಅಂತ."

"ದೇವರಿಗೆ ಗೊತ್ತು." ರಹೂಮಾ ತಲೆಯಾಡಿಸಿದ. "ಚೆನ್ನಾಗ್ ಬರ್ದಿದಾರೆ. ಬಲಗಾಲು ಸ್ವಲ್ಪ ಎಳೀತಿದ್ದ ಕಣೋ ಇವನು. ಅಟ್ಟೆ ಒಂದೇ ಪಕ್ಕ ಸವೆದಿತ್ತು. ಅವನ ಅಮ್ಮನಿಗೆ ಅದೊಂದು ಹೇಳಿದ್ರೆ ಸಾಕಿತ್ತು, ಇವನೇ ಅಂತಿದ್ಲು." ಆಮೇಲೆ ಸುತ್ತಲ ಕಲ್ಲುಗಳ ಕಡೆ ಮುಖ ಓರೆ ಮಾಡಿ ನೋಡಿ, "ನನ್ನ ಬಾಂಬ್ ಹೂತೋನೂ ಇಲ್ಲೇ ಎಲ್ಲೋ ಇರ್ಬೇಕು. ಇಲ್ಲಾಂದ್ರೆ ಆ ಜರ್ಮನರ ಕೋಟೇಲಿ. ಇಲ್ಲೇ ಇದ್ರೆ ದಿನಾ ಬೆಳಿಗ್ಗೆ ಎದ್ದು ನೀನೇ ನೀರು ಹಾಕ್ತಿದೀಯ," ಎಂದು ನಕ್ಕ.

ಬಾಂಬು ಹೂತವನ ತಮಾಷೆ ಹಳೆಯದು. ಮೊದಲು ಇದನ್ನು ಅವನು ಆಡಿದ್ದು ಹಿರಿಯರ ಕೂಟದಲ್ಲಿ, ಕಾಲು ಹೋದ ಗಾಯ ಇನ್ನೂ ಹಸಿಯಿದ್ದಾಗ. ಆಗಲೇ ರಹೂಮಾ ಹೆಜ್ಜೆ ಓದುವುದರಲ್ಲಿ ಹೆಸರು ಮಾಡಿದ್ದ. ಕದ್ದ ಒಂಟೆ, ಓಡಿಹೋದ ಹೆಣ್ಣು, ಬೇಲಿ ಹಾರಿದ ಕಳ್ಳ, ಯಾವುದೇ ಇರಲಿ, ಇಪ್ಪತ್ಮೂರರ ಹುಡುಗ ಮರಳಿನ ಮೇಲೆ ಬಗ್ಗಿ ನೋಡಿ ಇಂಥವನು ಎಂದರೆ ಬಿಳಿಗಡ್ಡದ ಶೇಖ್ ಕೂಡ ಮರುಮಾತಾಡುತ್ತಿರಲಿಲ್ಲ. ಒಬ್ಬನ ಹಿಮ್ಮಡಿ ಸೀಳಿದ್ದು, ಒಬ್ಬಳು ಬಸುರಿಯಿದ್ದದ್ದು, ಒಬ್ಬ ಹೆದರಿದ್ದದ್ದು ಎಲ್ಲವೂ ಅವನಿಗೆ ನೆಲದಲ್ಲಿ ಕಾಣುತ್ತಿತ್ತು. ಆ ಕೂಟದಲ್ಲಿ ಶೇಖ್ ಕೇಳಿದ್ದ, ಗೂಟ ಕಿತ್ತು ಕಲ್ಲಿಡದೆ ಹೋದವನು ಯಾರು, ನೀನು ಹೊಲಕ್ಕೆ ಇಳಿಯುವಾಗ ಹೆಜ್ಜೆ ಕಂಡೆಯಾ ಎಂದು. ಮಿಫ್ತಾಹ್ ಕೂಟದ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಹರಿದ ಅಂಗೈಯನ್ನು ತೋಳಿನೊಳಗೆ ಎಳೆದುಕೊಂಡಿದ್ದ. ರಹೂಮಾ ಹಾಸಿಗೆಯ ಮೇಲಿಂದಲೇ, ರಾತ್ರಿ ತಗ್ಗಿನಲ್ಲಿ ಗಾಳಿ ಸುಳಿದಿತ್ತು, ಹೆಜ್ಜೆ ಒಂದೂ ಇರಲಿಲ್ಲ ಎಂದ. ಮುಗಿಯಿತು. ರಹೂಮಾ ಇಲ್ಲವೆಂದರೆ ಇಲ್ಲ. ಆ ರಾತ್ರಿ ಗಾಳಿ ಇರಲಿಲ್ಲವೆಂದು ಮಿಫ್ತಾಹ್‌ಗೆ ಗೊತ್ತಿತ್ತು, ನಿದ್ದೆಯಿಲ್ಲದೆ ಗುಡಾರದ ಹೊರಗೇ ಬಿದ್ದುಕೊಂಡಿದ್ದನಲ್ಲ. ಆದರೂ ತಗ್ಗಿನ ಗಾಳಿಯೇ ಬೇರೆ ಎಂದು ತನಗೆ ತಾನೇ ಹೇಳಿಕೊಂಡ. ಮೂವತ್ನಾಲ್ಕು ವರ್ಷ ಅದನ್ನೇ ಹೇಳಿಕೊಂಡು ಬಂದ. ಎರಡು ತಿಂಗಳಿಗೆ ಮದುವೆಯೂ ಆಯಿತು. ಹೊಸ ಮರದ ಕಾಲು ಕಟ್ಟಿಕೊಂಡು ರಹೂಮಾ ಬಂದು ಕುಣಿದ. ಆದರೆ ಅಂದಿನಿಂದ ಅವನು ಯಾವ ಕೂಟದಲ್ಲೂ ಹೆಜ್ಜೆ ಓದಲಿಲ್ಲ. ಯಾರೆಷ್ಟು ಬೇಡಿಕೊಂಡರೂ ಬಗ್ಗಲಾಗುವುದಿಲ್ಲ, ಕಾಲಿಲ್ಲ ಎನ್ನುತ್ತಿದ್ದ. ಜನ ಅಯ್ಯೋ ಪಾಪ ಎಂದುಕೊಂಡರು.

ಪಿಕಪ್ ಹೆದ್ದಾರಿಗೆ ಹತ್ತಿತು. ಮಬ್ರೂಕಾ ಕಟ್ಟಿಕೊಟ್ಟಿದ್ದ ಒಣ ಅಂಜೂರದ ಗಂಟನ್ನು ರಹೂಮಾ ತೊಡೆಯ ಮೇಲೆ ಬಿಚ್ಚಿಕೊಂಡು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮಿಫ್ತಾಹ್‌ನ ತೋಟದ ಅಂಜೂರ ಆ ಸೀಮೆಗೇ ಹೆಸರಾದದ್ದು. ಹದಿನೆಂಟು ಗೂಟದ ಬೇಲಿ ಇವತ್ತಿಗೂ ನಿಂತಿದೆ. ಎರಡು ಸಲ ಕಿತ್ತು ಸಮುದ್ರಕ್ಕೆ ಎಸೆಯಬೇಕೆಂದು ಹೊರಟಿದ್ದ. ಮಬ್ರೂಕಾ, ತಲೆ ಕೆಟ್ಟಿದ್ಯಾ, ಗಟ್ಟಿಯಾಗಿರೋ ಬೇಲಿ ಯಾರಾದ್ರೂ ಕೀಳ್ತಾರಾ ಎಂದು ಕೇಳಿದ್ದಳು. ಯಾಕೆಂದು ಹೇಳಲಾಗದೆ ಗುದ್ದಲಿ ಒಳಗಿಟ್ಟಿದ್ದ. ಪ್ರತಿ ಬೇಸಿಗೆಯೂ ಮೊದಲ ಬುಟ್ಟಿ ರಹೂಮಾನ ಮನೆಗೆ ಹೋಗುತ್ತಿತ್ತು. ಅವನು ಚಪ್ಪರಿಸಿ ತಿಂದು, ನಿನ್ನ ಹಣ್ಣಿನ ರುಚಿ ಬೇರೆ ಯಾರದ್ದಕ್ಕೂ ಇಲ್ಲ ಕಣೋ ಎನ್ನುತ್ತಿದ್ದ. ಆ ಮಾತು ಕೇಳುವಾಗೆಲ್ಲ ಮಿಫ್ತಾಹ್‌ಗೆ ನುಂಗಲೂ ಆಗದೆ ಉಗುಳಲೂ ಆಗದೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗುತ್ತಿತ್ತು.

ಜರ್ಮನರದು ದಿಬ್ಬದ ಮೇಲೆ ಕೋಟೆಯ ಹಾಗೆ ನಿಂತಿದೆ, ಕಿಟಕಿಯಿಲ್ಲದ ಎಂಟು ಮೂಲೆಯ ಗೋಡೆ. ಬೀಗದಕೈ ಇರುವುದು ಬೂಶ್ನಾಫ್ ಎಂಬ ಅವರದೇ ಕುಲದ ಮುದುಕನ ಹತ್ತಿರ. ಬಾಗಿಲು ತೆಗೆಯುತ್ತ ಅವನು, "ಓಹೋ, ಗೈಡ್ ಸಾಹೇಬರೇ ಗಿರಾಕಿ ಆಗಿ ಬಂದ್ರಲ್ಲ," ಎಂದ. "ಇವತ್ತು ಯಾವ ಭಾಷೇಲಿ ಹೇಳ್ಬೇಕು ನಿಮಗೆ?"

"ಸುಮ್ನಿರೋ ಭಾಷೇಲಿ ಹೇಳು," ಎಂದ ರಹೂಮಾ. "ಅದೊಂದು ನಿನಗೆ ಬರಲ್ಲ."

ಬೂಶ್ನಾಫ್ ನಗುತ್ತ ಹೋಗಿ ನೆರಳಿನಲ್ಲಿ ಕೂತ. ಒಳಗೆ ಮೇಲೆ ಆಕಾಶ ಮಾತ್ರ, ಸುತ್ತ ಊರೂರಿನ ಹೆಸರು ಹೊತ್ತ ಕಲ್ಲಿನ ಪೆಟ್ಟಿಗೆಗಳು, ಅವುಗಳ ಕೆಳಗೆ ನಾಲ್ಕು ಸಾವಿರದಷ್ಟು ಜನ. ರಹೂಮಾ ಒಂದೊಂದರ ಮುಂದೆಯೂ ನಿಂತು, ಮುಟ್ಟಿ, ಮುಂದಕ್ಕೆ ಹೋದ. ಮಿಫ್ತಾಹ್ ಅವನ ಹಿಂದೆ ಹಿಂದೆ ನಡೆಯುತ್ತ, ಬರುವ ತಿಂಗಳು ಸ್ಮರಣೆಯ ದಿನಕ್ಕೆ ಇಲ್ಲಿಗೆಲ್ಲ ಕೊಲ್ಲಲು ಬಂದವರ ಮಕ್ಕಳೂ ಸತ್ತವರ ಮಕ್ಕಳೂ ಬಂದು ಅಕ್ಕಪಕ್ಕ ನಿಂತು ಹೂವಿಡುವುದನ್ನು ನೆನೆಸಿಕೊಂಡ. ಪ್ರತಿ ವರ್ಷವೂ ಅವನು ಅದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಕೋಟುಗಳ ತುಂಬ ಪದಕ ಹೊತ್ತ ಮುದುಕರು, ನಡುಗುವ ಕೈ, ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಒಂದು ವರ್ಷ ಇಬ್ಬರು ಬಂದಿದ್ದರು, ಒಬ್ಬ ಇನ್ನೊಬ್ಬನ ಟ್ಯಾಂಕಿಗೆ ಬೆಂಕಿ ಹಚ್ಚಿದವನಂತೆ. ಅದನ್ನು ಅವನು ಇವನಿಗೆ ಹೇಳಿದ್ದನಂತೆ, ಇವನು ಕೇಳಿದ್ದನಂತೆ, ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮೀನು ತಿಂದರಂತೆ. ಅವರು ದೊಡ್ಡ ಮನುಷ್ಯರು. ಅವರಿಗೆ ಭಾಷೆಯೇ ಬೇರೆ ಬೇರೆ ಇದ್ದರೂ ಹೇಳಲು ಆಯಿತು. ತನಗೆ ಒಂದೇ ಭಾಷೆ, ಒಂದೇ ಅಜ್ಜ, ಒಂದೇ ಬಾವಿಯ ನೀರು, ಆದರೂ ಆಗಲಿಲ್ಲ.

ಇಟಲಿಯವರ ಬಿಳಿಯ ಗೋಪುರ ಇನ್ನೂ ಪಶ್ಚಿಮಕ್ಕೆ, ಸಮುದ್ರಕ್ಕೆ ಬೆನ್ನು ಕೊಟ್ಟು ನಿಂತದ್ದು. ಒಳಗೆ ಗೋಡೆಯ ತುಂಬ ಹೆಸರು, ಹೆಸರಿಲ್ಲದವರಿಗೆ ಅವರ ಭಾಷೆಯಲ್ಲಿ ಗೊತ್ತಿಲ್ಲದವನು ಎಂಬ ಒಂದೇ ಪದ, ಮತ್ತೆ ಮತ್ತೆ ಅದೇ ಪದ. ಎದುರು ಎತ್ತರದ ಗಾಜು, ಗಾಜಿನಾಚೆ ನೀಲಿ. ರಹೂಮಾ ಆ ಗಾಜಿನ ಮುಂದೆ ಬಹಳ ಹೊತ್ತು ನಿಂತ. ತಲೆಯನ್ನು ಆ ಕಡೆ ಈ ಕಡೆ ಓರೆ ಮಾಡುತ್ತ, ನಡುವಿನ ಮಸುಕನ್ನು ತಪ್ಪಿಸಿ ತಪ್ಪಿಸಿ, ಸಮುದ್ರವನ್ನು ತುಂಡು ತುಂಡಾಗಿ ನೋಡಿ ಕೂಡಿಸಿಕೊಳ್ಳುತ್ತಿದ್ದ. ಅದನ್ನು ನೋಡುತ್ತ ಮಿಫ್ತಾಹ್‌ಗೆ ಕಣ್ಣು ತುಂಬಿತು. ಈಗ, ಎಂದುಕೊಂಡ. ಈಗ ಹೇಳದಿದ್ದರೆ ಕುರುಡನಿಗೆ ಹೇಳಬೇಕಾಗುತ್ತದೆ, ಅದಕ್ಕಿಂತ ನೀಚತನ ಬೇರೆ ಇಲ್ಲ. ಇವನು ನನ್ನ ಮುಖ ನೋಡುತ್ತಿರುವಾಗಲೇ ಹೇಳಬೇಕು.

"ಅಣ್ಣ, ನಮ್ಮ ತೋಟದ ಬೇಲಿ ಇದ್ಯಲ್ಲ..."

"ಹ್ಞೂ."

"ಅದನ್ನ..." ಗಾಜಿನಲ್ಲಿ ತನ್ನದೇ ಮುಖ ಕಾಣುತ್ತಿತ್ತು, ಐವತ್ಮೂರು ವರ್ಷದ, ಬಿಳಿ ಮೀಸೆಯ, ಹತ್ತೊಂಬತ್ತರ ಹುಡುಗನ ಹಾಗೆ ಬಾಯಿ ತೆರೆದ ಮುಖ. "ಅದನ್ನ ರಿಪೇರಿ ಮಾಡಿಸ್ಬೇಕು ಅಂತಿದ್ದೆ."

"ಮಾಡ್ಸು," ಎಂದ ರಹೂಮಾ, ಸಮುದ್ರದಿಂದ ಮುಖ ತಿರುಗಿಸದೆ.

ಹಿಂದಕ್ಕೆ ಬರುವಾಗ ಮಿಫ್ತಾಹ್ ರಸ್ತೆಯ ಮೇಲೇ ಕಣ್ಣಿಟ್ಟಿದ್ದ. ಅವಮಾನ ಕಿವಿಯವರೆಗೆ ಏರಿತ್ತು. ರಿಪೇರಿ ಮಾಡಿಸಬೇಕಂತೆ. ಬಾಯಿಗೆ ಬಂದದ್ದೇನು, ಹೊರಗೆ ಬಿದ್ದದ್ದೇನು. ಮುರಿದ ನೀರಿನ ಟ್ಯಾಂಕಿಯ ಹತ್ತಿರ ಬಂದಾಗ ರಹೂಮಾ ಕೋಲಿನಿಂದ ಗಾಜು ತಟ್ಟಿ, "ಇಲ್ಲಿ ಬಲಕ್ಕೆ ತಿರುಗ್ಸು," ಎಂದ.

ಬಲಕ್ಕೆ ಎಂದರೆ ದಕ್ಷಿಣ, ಒಂಟೆಬಾವಿಯ ಹಾದಿ. ಮೂವತ್ನಾಲ್ಕು ವರ್ಷದಿಂದ ಮಿಫ್ತಾಹ್ ಆ ಹಾದಿ ತುಳಿದಿಲ್ಲ. ಬಾವಿಗೆ ಹೋಗಬೇಕಾದರೆ ಎರಡು ಮೈಲಿ ಸುತ್ತಿ ಹೋಗುತ್ತಾನೆ. ಕೇಳಿದವರಿಗೆ ಆ ಕಡೆ ನೆಲ ಮೆತ್ತಗಿದೆ, ಚಕ್ರ ಹೂತುಕೊಳ್ಳುತ್ತದೆ ಎನ್ನುತ್ತಾನೆ.

"ಅಲ್ಲಿ ರಸ್ತೆ ಇಲ್ಲಣ್ಣ."

"ನಾನಿದೀನಲ್ಲ ರಸ್ತೆ. ತಿರುಗ್ಸು."

ಮರಳು, ಕಲ್ಲುಚೂರು, ಮುಳ್ಳಿನ ಪೊದೆ. ಮುಖ ಓರೆ ಮಾಡಿ ಕೂತ ರಹೂಮಾ ಎಡ, ಬಲ, ಇಲ್ಲಿ ನಿಧಾನ ಎಂದು ಹೇಳುತ್ತ ಬಂದ. ನೆಲದ ಒಂದೊಂದು ಉಬ್ಬೂ ಅವನಿಗೆ ಕಾಣದೆಯೂ ಗೊತ್ತಿತ್ತು. ನಿಲ್ಲು ಎಂದಲ್ಲಿ ಮಿಫ್ತಾಹ್ ನಿಲ್ಲಿಸಿದ. ಕೆಳಗಿಳಿದ. ತಗ್ಗು ಹಾಗೆಯೇ ಇತ್ತು, ಅವನ ನೆನಪಿಗಿಂತ ಚಿಕ್ಕದಾಗಿತ್ತು ಅಷ್ಟೆ. ಆದರೆ ತಗ್ಗಿನ ಅಂಚಿಗೆ ಅವನ ನೆನಪಿನಲ್ಲಿ ಇಲ್ಲದ್ದೊಂದು ಇತ್ತು. ಮೊಣಕಾಲೆತ್ತರದ ಕಲ್ಲಿನ ಗುಪ್ಪೆಗಳು, ಗಾಳಿಗೆ ಬೀಳದ ಹಾಗೆ ಅಗಲದ ಕಲ್ಲು ಕೆಳಗೆ, ಚಿಕ್ಕದು ಮೇಲೆ, ಅಂದವಾಗಿ ಪೇರಿಸಿದವು, ಇಷ್ಟಿಷ್ಟೇ ದೂರಕ್ಕೆ ಒಂದೊಂದು. ಹಳೆಯವು, ಬುಡದಲ್ಲಿ ಮರಳು ಗಟ್ಟಿಯಾಗಿತ್ತು. ಒಂದು ಕಾಲಿನ ಮನುಷ್ಯ ಈ ಕಲ್ಲುಗಳನ್ನು ಎಲ್ಲಿಂದ ತಂದ, ಎಷ್ಟು ವರ್ಷ ತಂದ. ಸಾಲು ಕಂಡರೆ ಎಣಿಸುವುದು ಮಿಫ್ತಾಹ್‌ಗೆ ಕೆಲಸದಿಂದ ಬಂದ ಚಟ. ಮನಸ್ಸು ಬೇಡ ಬೇಡ ಎನ್ನುತ್ತಿದ್ದರೂ ಕಣ್ಣು ಎಣಿಸಿತು.

"ಎಷ್ಟಾಯ್ತು?" ಎಂದ ರಹೂಮಾ.

"ಹದಿನೇಳು."

"ನಿನ್ನ ಬೇಲೀಲಿ?"

ಮಿಫ್ತಾಹ್ ಸಾಲನ್ನು ಮತ್ತೊಮ್ಮೆ ನೋಡಿದ. ಲಾರಿಗಳ ಸದ್ದು ಇಲ್ಲಿಗೆ ಕೇಳಿಸುತ್ತಿರಲಿಲ್ಲ. "ಹದಿನೆಂಟು," ಎಂದ.

"ಹ್ಞೂ." ರಹೂಮಾ ಪಿಕಪ್ಪಿನ ಮೂತಿಗೆ ಒರಗಿ ನಿಂತ. "ಒಂದು ಆಡಿನ ಮರಿ ಒಳಗೆ ಹೋಗಿತ್ತು ಅವತ್ತು. ಗೂಟ ಇಲ್ಲ, ಕಲ್ಲೂ ಇಲ್ಲ. ನಿನ್ನ ಹೆಜ್ಜೆ ಇತ್ತು. ಒಳಗೆ ಹೋಗಿ ಹೊರಗೆ ಬಂದಿತ್ತು, ಎಡಗಾಲಿನ ಹೆಬ್ಬೆರಳು ಹೊರಕ್ಕೆ ತಿರುಗ್ಸಿ ನಡೀತೀಯಲ್ಲ, ಅದೇ. ನಮ್ಮ ಮಿಫ್ತಾಹ್ ಹೋಗಿ ಬಂದಿದಾನೆ ಅಂದ್ಮೇಲೆ ನನಗೇನು ಅಂತ ಅದರ ಮೇಲೇ ಕಾಲಿಟ್ಕೊಂಡು ಹೋದೆ. ಹೋಗೋವಾಗ ಏನೂ ಆಗ್ಲಿಲ್ಲ. ಬರೋವಾಗ ಹೆಗಲ ಮೇಲೆ ಮರಿ ಇತ್ತು, ಭಾರ ಹೆಚ್ಚಾಯ್ತು. ನೀನು ಆಗ ಕಡ್ಡಿ ಹಾಗಿದ್ದೆ."

"ಗಾಳಿ..." ಎಂದ ಮಿಫ್ತಾಹ್.

"ಗಾಳಿ ಎಲ್ಲಿತ್ತೋ."

"ಯಾಕಣ್ಣ ಹಾಗೆ ಹೇಳ್ದೆ?"

"ಕಾಲಂತೂ ಹೋಗಿತ್ತು. ನೀನಾದ್ರೂ ಉಳೀಲಿ ಅಂತ." ಬೇರೆ ಯಾರದೋ ವಿಷಯ ಹೇಳುವಂತೆ ಮುಂದುವರಿಸಿದ. "ಆಮೇಲೆ ಕೂಟದಲ್ಲಿ ಕೂರೋಕಾಗ್ಲಿಲ್ಲ. ಒಂದ್ಸಲ ಸುಳ್ಳು ಹೇಳಿದ ನಾಲಿಗೆ ಮೇಲೆ ಇನ್ನೊಬ್ಬನ್ನ ಕಳ್ಳ ಅಂತ ಹೇಗೆ ಅನ್ನೋದು? ಸತ್ತೋರ ಮುಂದೆ ಹೋಗೋಕೂ ನಾಚ್ಕೆ ಆಗ್ತಿತ್ತು. ಅವರನ್ನ ಹುಡ್ಕೋಕೆ ಮಾತ್ರ ಹೆಜ್ಜೆ ನೋಡ್ತೀನಿ ಅಂದ್ಕೊಂಡೆ. ಅವರು ಯಾರಿಗೂ ಹೇಳಲ್ವಲ್ಲ."

ಕಾಲು ಒಂದೇ ಎಂದು ಮಿಫ್ತಾಹ್ ಇಷ್ಟು ವರ್ಷ ಲೆಕ್ಕ ಹಾಕಿಕೊಂಡು ಬಂದಿದ್ದ. ಆ ಒಂದು ಕಾಲಿಗೆ ಅಂಜೂರದ ಬುಟ್ಟಿ ಕೊಟ್ಟ, ಆಸ್ಪತ್ರೆಗೆ ಕರೆದುಕೊಂಡು ಹೋದ, ತನ್ನ ಹಿರಿಮಗನಿಗೆ ರಹೂಮಾ ಎಂದೇ ಹೆಸರಿಟ್ಟ. ಅಣ್ಣ ಕೊಟ್ಟದ್ದು ಕಾಲಲ್ಲ. ನೆಲ ನೋಡಿ ಸತ್ಯ ಹೇಳುವುದೊಂದೇ ಇವನ ಜೀವವಾಗಿತ್ತು, ಅದನ್ನು ಇವನು ತೆಗೆದು ತಮ್ಮನ ಕೈಗೆ ಇಟ್ಟಿದ್ದ, ತಮ್ಮನಿಗೆ ಗೊತ್ತಾಗದ ಹಾಗೆ. ಮಿಫ್ತಾಹ್‌ಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಬಯ್ದಿದ್ದರೆ, ಹೊಡೆದಿದ್ದರೆ ಹಗುರವಾಗುತ್ತಿತ್ತು. ರಹೂಮಾ ಎರಡನ್ನೂ ಮಾಡದೆ ಗಂಟಿನಿಂದ ಒಂದು ಅಂಜೂರ ತೆಗೆದು ಕಚ್ಚಿದ.

"ಹದಿನೇಳು ನಾನೇ ಇಟ್ಟೆ. ಜನ ಓಡಾಡೋ ಜಾಗ, ಬಿಡೋಕಾಗಲ್ಲ," ಎಂದ. "ಒಂದು ನಿನಗೆ ಅಂತ ಉಳ್ಸಿದೆ. ಬಂದಾಗೆಲ್ಲ ನೋಡ್ತಿದ್ದೆ, ಇಟ್ಟಿದ್ಯೋ ಏನೋ ಅಂತ. ಈಗ ನೋಡೋಕೆ ಕಣ್ಣೇ ಇರಲ್ಲ ಅಂತಾರೆ ಡಾಕ್ಟರು. ಅದಕ್ಕೇ ಕರ್ಕೊಂಡು ಬಂದೆ."

ಸಾಲಿನ ಮೊದಲಿಗೆ, ಹಾದಿಯ ಪಕ್ಕದಲ್ಲೇ, ಒಂದು ಗುಪ್ಪೆಯ ಜಾಗ ಖಾಲಿ ಇತ್ತು. ಅಂಗೈ ಹರಿದ ಮೊದಲ ಗೂಟದ ಜಾಗ. ಪಕ್ಕದಲ್ಲಿ ಒಂದಷ್ಟು ಕಲ್ಲು ರಾಶಿ ಹಾಕಿ ಇಟ್ಟಿತ್ತು, ದೊಡ್ಡವು ಬೇರೆ, ಚಿಕ್ಕವು ಬೇರೆ, ಬಂದವನಿಗೆ ಹುಡುಕುವ ಕಷ್ಟ ಬೇಡವೆಂಬಂತೆ. ಮಿಫ್ತಾಹ್ ಎರಡು ಕೈಯಲ್ಲಿ ಅಗಲದ ಕಲ್ಲೊಂದನ್ನು ಎತ್ತಿದ. ಅದು ಬಿಸಿಲಿಗೆ ಕಾದಿತ್ತು.

"ಹುವೈದಿಯ ಮಗ ಮಿಫ್ತಾಹ್," ಎಂದ. ತಗ್ಗಿನಲ್ಲಿ ಧ್ವನಿ ಸಣ್ಣದಾಗಿ ಕೇಳಿಸಿತು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. "ಹುವೈದಿಯ ಮಗ ಮಿಫ್ತಾಹ್. ಈ ಗೂಟ ಕಿತ್ತವನು ನಾನು. ಹದಿನೆಂಟನ್ನೂ ಕಿತ್ತವನು ನಾನು." ಬಗ್ಗಿ ಕಲ್ಲನ್ನು ನೆಲಕ್ಕೆ ಇಟ್ಟ.

ಹಿಂದಿನಿಂದ ಹೆಜ್ಜೆ ಹತ್ತಿರ ಬಂತು, ಕುಟ್ಟುವುದೊಂದು, ಸುಮ್ಮನಿರುವುದೊಂದು. ರಹೂಮಾ ಪಕ್ಕದಲ್ಲಿ ನಿಂತು, ಮುಖವನ್ನು ಓರೆ ಮಾಡಿ, ಕಣ್ಣಿನ ಅಂಚಿನಿಂದ ನೆಲವನ್ನು ನೋಡಿದ. ಆಮೇಲೆ ಕೋಲಿನ ತುದಿಯಿಂದ ಕಲ್ಲನ್ನು ಮೆಲ್ಲಗೆ ತಟ್ಟಿದ.

"ಇನ್ನೊಂದು ಗೇಣು ಎಡಕ್ಕೆ," ಎಂದ. "ಗೂಟ ಇದ್ದಿದ್ದು ಅಲ್ಲಿ."

ಮಿಫ್ತಾಹ್ ಕಲ್ಲನ್ನು ಒಂದು ಗೇಣು ಎಡಕ್ಕೆ ಸರಿಸಿದ.